ಅಂಗಳದಲ್ಲಿ ಬೆಳದಿಂಗಳೂಟ: ಖರ್ಚು ಕಮ್ಮಿ, ಗಮ್ಮತ್ತು ಜಾಸ್ತಿ

ಅಡಿಕೆ ಅಂಗಳದಲ್ಲಿ ಅಡಿಕೆ ಇಲ್ಲದ ದಿನಗಳು ವರ್ಷದಲ್ಲಿ ಎಷ್ಟು? ದಕ್ಷಿಣ ಕನ್ನಡದ ಕೃಷಿಕರು ಇದಕ್ಕೆ ಕಣ್ಣು ಮುಚ್ಚಿ ಉತ್ತರ ಹೇಳಿಯಾರು. ನವೆಂಬರಿನಲ್ಲಿ ಮೊದಲ ಕೊಯ್ಲಿನದ್ದನ್ನು ಹರವಲು ಸುರು ಮಾಡಿದರೆ, ಕೊನೆಯ ಕೊಯ್ಲಿನದ್ದು ಒಣಗಿ ಚೀಲ ಸೇರುವಾಗ ಎಪ್ರಿಲ್ ಕಳೆಯುತ್ತದೆ. ಜೂನಿನಲ್ಲಿ ಮಳೆ ಹಿಡಿಯಿತೋ, ಅಂಗಳವಿಡೀ ಪಾಚಿ. ನಡುವೆ ಸಿಗುವುದು ಹೆಚ್ಚೆಂದರೆ ನಾಲ್ಕೈದು ವಾರ. ಅದೇ ಹೊತ್ತಿಗೆ ಮಕ್ಕಳಿಗೆ ಬೇಸಗೆ ರಜೆ, ಮರದಲ್ಲಿ ಹಲಸು, ಗುಡ್ಡೆಯಲ್ಲಿ ಕಾಟುಮಾವು, ಪುನರ್ಪುಳಿ. ಆ ನಾಲ್ಕೈದು ವಾರದಲ್ಲಿ ಒಂದು ಹುಣ್ಣಿಮೆಯಂತೂ ಬಂದೇ ಬರುತ್ತದೆ.

ಆ ಹುಣ್ಣಿಮೆಯನ್ನು ನಾವು ಸುಮ್ಮನೆ ಬಿಡುವುದಿಲ್ಲ. ಅಂಗಳದಲ್ಲಿ ಬೆಳದಿಂಗಳೂಟ ಮಾಡುತ್ತೇವೆ. ಪೂಜೆ ಇಲ್ಲ, ಭಾಷಣ ಇಲ್ಲ, ಚಪ್ಪರ ಇಲ್ಲ. ಉಣ್ಣುವುದು, ಆಡುವುದು, ಪಟ್ಟಾಂಗ ಹೊಡೆಯುವುದು. ಇದರಿಂದ ಕೃಷಿಗೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ನಮ್ಮ ಮಟ್ಟಿಗೆ ಪ್ರಯೋಜನ ಆಗಿದೆ. ಅದನ್ನು ಹೇಳಲಿಕ್ಕೇ ಈ ಬರಹ.

ಸುರುವಾದದ್ದು ಕರೆಂಟು ಹೋಗಿ

ನಮ್ಮದು ವಿಟ್ಲ ಸೀಮೆಯಲ್ಲಿ ಎರಡೂವರೆ ಎಕ್ರೆ ತೋಟ. ಎರಡು ಗುಡ್ಡೆಗಳ ನಡುವಿನ ಬೈಲು. ನಡುವಲ್ಲಿ ತೋಡು. ತೋಡಿನ ಈಚೆ ನಾವು, ಆಚೆ ಇನ್ನೊಂದು ಮನೆ. ಮನೆಯಲ್ಲಿ ಖಾಯಂ ಇರುವುದು ನಾನು ಮತ್ತು ನನ್ನವಳು. ಆಗ ನನ್ನ ಅಮ್ಮನೂ ಇದ್ದರು. ಮಗ ಬೆಂಗಳೂರು, ಮಗಳು ಮಂಗಳೂರು. ಇದು ಈಗ ಊರಿನ ಹೆಚ್ಚಿನ ಮನೆಗಳ ಲೆಕ್ಕ.

2019ರ ಮೇ 18, ಶನಿವಾರ. ಮಗ, ಮಗಳು, ಮೊಮ್ಮಕ್ಕಳು, ನನ್ನ ತಂಗಿಯ ಮನೆಯವರು ಎಲ್ಲ ಬಂದಿದ್ದರು. ಸಂಜೆ ಒಂದು ಗಾಳಿ. ಮಳೆ ಬಂದದ್ದು ನಾಲ್ಕು ಹನಿ, ಆದರೆ ಎಲ್ಲಿಯೋ ತಂತಿಯ ಮೇಲೆ ಮರ ಬಿತ್ತು. ಕರೆಂಟು ಹೋಯಿತು. ಇನ್‌ವರ್ಟರ್ ಒಂದು ಗಂಟೆ ಎಳೆದು ನಿಂತಿತು. ಫ್ಯಾನು ಇಲ್ಲ. ಒಳಗೆ ಧಗೆ. ಮಕ್ಕಳ ಮೊಬೈಲಿನ ಚಾರ್ಜು ಒಂದೊಂದಾಗಿ ಮುಗಿದು, ಮನೆಯೊಳಗೆ ಅಳುವುದೊಂದು ಬಾಕಿ.

ಅಮ್ಮನಿಗೆ ಆಗ ಎಂಬತ್ತಮೂರು. ಎರಡೂ ಕಣ್ಣು ಮಂಜು. ಜಗಲಿಯಲ್ಲಿ ಕುಳಿತಿದ್ದವರು ಹೇಳಿದರು: "ಒಳಗೆ ಯಾಕೆ ಬೇಯ್ತೀರಿ? ಹೊರಗೆ ಹಗಲಿನ ಹಾಗೆ ಉಂಟಲ್ಲ. ಅಂಗಳದಲ್ಲೇ ಬಡಿಸಿದರೆ ಎಂತ ಆಗ್ತದೆ?"

ಹೌದು, ಪೂರ್ವದ ಗುಡ್ಡೆಯ ನೆತ್ತಿ ದಾಟಿ ಚಂದ್ರ ಮೇಲೆ ಬಂದಿದ್ದ. ಅಂದು ವೈಶಾಖ ಹುಣ್ಣಿಮೆ. ನಮಗೆ ಯಾರಿಗೂ ನೆನಪಿರಲಿಲ್ಲ. ಚಾಪೆ ಹಾಸಿದೆವು, ಹಾಳೆತಟ್ಟೆ ಇಟ್ಟೆವು. ಮಾಡಿದ್ದದ್ದು ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಅಷ್ಟೆ. ಮಕ್ಕಳು ಉಂಡದ್ದು ನೋಡಿ ನನ್ನವಳಿಗೇ ಆಶ್ಚರ್ಯ. ಮಧ್ಯಾಹ್ನ ಪಾಯಸ ಬೇಡ ಎಂದವರು ರಾತ್ರಿ ಗಂಜಿಗೆ ಎರಡು ಸಲ ತಟ್ಟೆ ಒಡ್ಡಿದರು.

ಊಟದಲ್ಲಿ ಒಂದು ತಮಾಷೆ. ಬೆಳದಿಂಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಕೆಂಪು ಉಪ್ಪಿನಕಾಯಿಯೂ ಕಪ್ಪು, ಹಸುರು ಬಾಳೆಲೆಯೂ ಕಪ್ಪು. ಹುಣ್ಣಿಮೆಯ ಬೆಳಕೆಂದರೆ ಬಿಸಿಲಿನ ಸುಮಾರು 4 ಲಕ್ಷದಲ್ಲಿ ಒಂದು ಪಾಲು ಮಾತ್ರವಂತೆ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಆಕಾರ ಗುರುತಿಸುತ್ತದೆ, ಬಣ್ಣ ಗುರುತಿಸುವುದಿಲ್ಲ. ಉಪ್ಪಿನಕಾಯಿಯ ಹೋಳೆಂದು ಮಗ ಒಂದು ಇಡೀ ಮೆಣಸು ಬಾಯಿಗೆ ಹಾಕಿದ. ಅಮ್ಮ ನಗುತ್ತಾ, "ಈಗ ಸರಿಯಾಯ್ತು. ನಿಮಗೂ ನನ್ನಷ್ಟೇ ಕಾಣುವುದು!" ಎಂದರು.

ತೋಡಿನಾಚೆಯ ಮಕ್ಕಳು

ಊಟ ಮುಗಿದ ಮೇಲೆ ಆಟ. ಹಳೆಯ ಹಾಳೆ ಎಳೆಯುವ ಆಟ ನೆನಪಿದೆಯಲ್ಲ? ಸೋಗೆ ಸಮೇತ ಬಿದ್ದ ಅಡಿಕೆ ಹಾಳೆ. ಹಾಳೆಯ ಮೇಲೆ ಒಬ್ಬನನ್ನು ಕೂರಿಸುವುದು, ಸೋಗೆ ಹಿಡಿದು ಇಬ್ಬರು ಎಳೆಯುವುದು. ಬೆಂಗಳೂರಿನ ಮಕ್ಕಳು ಮೊದಲು ಹೆದರಿದರು, ಆಮೇಲೆ ಸರತಿಗೆ ಜಗಳ. ಅವರ ಬೊಬ್ಬೆ ಬೈಲಿಡೀ ಕೇಳಿರಬೇಕು. ಸ್ವಲ್ಪ ಹೊತ್ತಿನಲ್ಲಿ ನೋಡುವಾಗ ಅಂಗಳದಲ್ಲಿ ಲೆಕ್ಕಕ್ಕಿಂತ ಮೂರು ಮಕ್ಕಳು ಜಾಸ್ತಿ. ತೋಡಿನಾಚೆಯ ಮನೆಯ ಮಕ್ಕಳು! ನೀರಿಲ್ಲದ ತೋಡಿಗೆ ಇಳಿದು ಹತ್ತಿ ಬಂದಿದ್ದವು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಮನೆಯವರೂ ನಾವೂ ಮಾತು ಬಿಟ್ಟು ಏಳನೇ ವರ್ಷ ಅದು. ಮೊದಲು ಎರಡೂ ಮನೆಯವರು ಸೇರಿ ಪ್ರತಿ ವರ್ಷ ತೋಡಿಗೆ ಕಟ್ಟ ಹಾಕುತ್ತಿದ್ದೆವು. 2012ರ ಡಿಸೆಂಬರಿನಲ್ಲಿ ರಾತ್ರಿ ಒಂದು ಅಕಾಲದ ಮಳೆ ಬಂತು. ಹೆಚ್ಚುವರಿ ನೀರು ಹೋಗುವ ಕಂಡಿಯ ಹಲಗೆ ತೆಗೆಯಲು ಯಾರೂ ಹೋಗಲಿಲ್ಲ. ಕಟ್ಟ ಒಡೆಯಿತು. ಅವರ ತೋಟಕ್ಕೆ ಮರಳು ನುಗ್ಗಿ ಹನ್ನೊಂದು ಅಡಿಕೆ ಗಿಡ ಹೋಯಿತು. ಹಲಗೆ ತೆಗೆಯುವ ಜವಾಬ್ದಾರಿ ಯಾರದ್ದು ಎಂದು ಮಾತು ಬೆಳೆಯಿತು. ಮಾರನೇ ವರ್ಷದಿಂದ ಕಟ್ಟ ಇಲ್ಲ. ತೋಡಿಗೆ ಅಡ್ಡ ಹಾಕಿದ ಸಂಕ ಕುಂಬಾಯಿತು, ಹೊಸತು ಹಾಕಲು ನಾವೂ ಹೋಗಲಿಲ್ಲ, ಅವರೂ ಬರಲಿಲ್ಲ. ಐವತ್ತು ಹೆಜ್ಜೆ ದೂರದ ಮನೆಗೆ ಮಾರ್ಗದಲ್ಲಿ ಸುತ್ತಿ ಹೋಗುವುದಾದರೆ ಒಂದು ಕಿಲೋಮೀಟರು. ಹೋಗುವ ಅಗತ್ಯವೂ ಬರಲಿಲ್ಲ.

ಮಕ್ಕಳಿಗೆ ಇದೆಲ್ಲ ಯಾರು ಹೇಳಿದ್ದಾರೆ? ಆಡುತ್ತಲೇ ಇದ್ದವು. ಒಂಬತ್ತೂವರೆಗೆ ತೋಡಿನಾಚೆ ಟಾರ್ಚು ಕಂಡಿತು.

"ಮಕ್ಕಳು ಅಲ್ಲಿದ್ದಾರಾ?"

ನಾನು ಸುಮ್ಮನಿದ್ದೆ. ಅಮ್ಮನೇ ಉತ್ತರ ಕೊಟ್ಟರು: "ಇಲ್ಲಿದ್ದಾರೆ. ಹಪ್ಪಳ ತಿಂತಾ ಇದ್ದಾರೆ. ನೀನೂ ಬಾ ಮಗಾ."

ಟಾರ್ಚು ಆರಿತು. ಎರಡು ನಿಮಿಷ ಏನೂ ಇಲ್ಲ. ಮತ್ತೆ ಸ್ವರ ಬಂತು. "ಆಟ ಮುಗಿದ ಮೇಲೆ ತೋಡಿನವರೆಗೆ ಬಿಟ್ಟರೆ ಸಾಕು ಅಮ್ಮ."

ಬಿಡಲು ಹೋದದ್ದು ನಾನು. ಅವರು ಆಚೆ ದಡದಲ್ಲಿ, ನಾನು ಈಚೆ ದಡದಲ್ಲಿ. ಮಕ್ಕಳು ದಾಟಿದವು. ಮಾತೇನೂ ಆಗಲಿಲ್ಲ. ಆದರೆ ಏಳು ವರ್ಷದಲ್ಲಿ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು.

ಪ್ಲಾಸ್ಟಿಕ್ ಮಾಡು ಮತ್ತು ಚಂದ್ರ

2020ರ ಮೇ 7ರ ಹುಣ್ಣಿಮೆಗೆ ಲಾಕ್‌ಡೌನ್. ಅಂಗಳದಲ್ಲಿ ನಾವು ಮೂರೇ ಜನ ಉಂಡೆವು. 2021ರಲ್ಲಿ ಅದೂ ಇಲ್ಲ. ಚೈತ್ರ ಹುಣ್ಣಿಮೆಯ ದಿನ, ಎಪ್ರಿಲ್ 27ರ ರಾತ್ರಿಯಿಂದಲೇ ರಾಜ್ಯದಲ್ಲಿ ಮತ್ತೆ ಎಲ್ಲ ಬಂದ್ ಆಯಿತು. ಮೇ ನಡುವಿಗೆ ತೌಕ್ತೆ ಚಂಡಮಾರುತದ ಗಾಳಿಮಳೆ.

ಅದೇ 2021ರ ನವೆಂಬರಿನ ಮಳೆ ಅಡಿಕೆಯವರಿಗೆಲ್ಲ ನೆನಪಿರಬಹುದು. ಹರವಿದ್ದನ್ನು ದಿನಕ್ಕೆ ಮೂರು ಸಲ ಗುಡಿಸಿ ಟರ್ಪಾಲು ಹೊದೆಸಿ, ಮತ್ತೆ ಹರವಿ ನಮ್ಮ ಸೊಂಟ ಬಿದ್ದುಹೋಯಿತು. ಕಾಲುಭಾಗಕ್ಕೆ ಬೂಸರು. "ಇನ್ನು ಹೀಗೆ ಆಗುದಿಲ್ಲ ಅಪ್ಪ, ಅಂಗಳಕ್ಕೆ ಇಡೀ ಪ್ಲಾಸ್ಟಿಕ್ ಮಾಡು ಹಾಕುವ" ಎಂದ ಮಗ. ಅವನ ಮಾತು ಸರಿಯೇ. ಕಬ್ಬಿಣದ ಪೈಪು ನಿಲ್ಲಿಸಿ, ಬಿಸಿಲು ಒಳಗೆ ಬರುವ ಹಾಳೆ ಹೊದೆಸಿದರೆ ಮಳೆಯ ಹೆದರಿಕೆ ಇಲ್ಲ, ಅಡಿಕೆ ಬೇಗವೂ ಒಣಗುತ್ತದೆ. ನಮ್ಮ ಅಂಗಳ 60 ಅಡಿ ಉದ್ದ, 45 ಅಡಿ ಅಗಲ. ಕೆಲಸದವರು ಬಂದು ಅಳತೆ ತೆಗೆದದ್ದೂ ಆಯಿತು.

ಆಗ ನನ್ನವಳು ಒಂದು ಮಾತು ಕೇಳಿದಳು: "ಅಡಿಕೆಗೆ ಮಾಡು ಬೇಕು, ಸರಿ. ಮಕ್ಕಳಿಗೆ ಆಕಾಶ ಬೇಡವಾ?"

ಕೆಲಸದವರಿಗೆ ನಗು. ನನಗೂ ಮೊದಲು ನಗುವೇ ಬಂತು. ಆದರೆ ಲೆಕ್ಕ ಹಾಕಿ ನೋಡಿದೆ. ನವೆಂಬರ-ಡಿಸೆಂಬರಿನ ಅಕಾಲ ಮಳೆಗೆ ಸಿಕ್ಕಿಬೀಳುವುದು ಮೊದಲ ಕೊಯ್ಲಿನ ಅಡಿಕೆ. ಅಷ್ಟಕ್ಕೆ ಅಂಗಳದ ಮೂರರಲ್ಲಿ ಎರಡು ಪಾಲು ಧಾರಾಳ. ಜನವರಿಯಿಂದ ಮತ್ತೆ ಬಯಲಿನಲ್ಲಿ ಹರವಿದರೂ ತೊಂದರೆ ಕಡಿಮೆ. ಹಾಗೆ ಆಗ್ನೇಯ ಮೂಲೆಯಲ್ಲಿ ಒಂದು ಪಾಲು ತೆರೆದೇ ಬಿಟ್ಟೆವು. ಖರ್ಚಿನಲ್ಲಿಯೂ ಅಷ್ಟು ಉಳಿಯಿತು.

ಆಗ್ನೇಯ ಮೂಲೆಯೇ ಯಾಕೆ? ಇದು ನಾನು ನೋಡಿ ತಿಳಿದದ್ದು. ಬೇಸಗೆಯ ಹುಣ್ಣಿಮೆ ಚಂದ್ರ ನೆತ್ತಿಯ ಮೇಲೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ಡಿಸೆಂಬರಿನ ಹುಣ್ಣಿಮೆಯಲ್ಲಿ ಮಾತ್ರ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಾನೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರು ದಿಕ್ಕಿನಲ್ಲಿರುತ್ತಾನಲ್ಲ, ಹಾಗಾಗಿ ಸೂರ್ಯ ಉತ್ತರಕ್ಕೆ ಸರಿದ ಕಾಲದಲ್ಲಿ ಇವನು ದಕ್ಷಿಣಕ್ಕೆ. ನಿಮ್ಮ ಅಂಗಳದ ದಕ್ಷಿಣಕ್ಕೆ ಎತ್ತರದ ಮರಗಳಿದ್ದರೆ ಮೇ ತಿಂಗಳಲ್ಲಿ ಅಂಗಳಕ್ಕೆ ಬೀಳುವುದು ಬೆಳದಿಂಗಳಲ್ಲ, ಮರದ ನೆರಳು. ಚಾಪೆ ಹಾಸುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಹಲಸು ಹೊತ್ತು ಬಂದವರು

2022ರ ಮೇ 16. ಮಕ್ಕಳೆಲ್ಲ ಮತ್ತೆ ಸೇರಿದರು. ಮೂರು ದಿನದಿಂದ ಮೋಡ ಇದ್ದರೂ ಆ ರಾತ್ರಿ ಎರಡು ಗಂಟೆ ಹೊತ್ತು ಆಕಾಶ ಬಿಟ್ಟುಕೊಟ್ಟಿತು. ಈ ಸಲ ತೋಡಿನಾಚೆಯ ಮನೆಯ ಮಕ್ಕಳನ್ನು ನಾವೇ ಕರೆದಿದ್ದೆವು. ಮಕ್ಕಳ ಹಿಂದೆ ಅವರ ಅಜ್ಜನೂ ಬಂದರು. ಹೆಗಲಲ್ಲಿ ಹದಿನೈದು ಕಿಲೋದ ಒಂದು ಹಲಸಿನ ಹಣ್ಣು. ಜಗಲಿಯ ಬದಿಯಲ್ಲಿ ಇಳಿಸಿ, ಬೆವರು ಒರೆಸಿ ಹೇಳಿದರು:

"ಸಂಕ ಇಲ್ಲದೆ ಹಲಸು ಹೊತ್ತು ತೋಡು ದಾಟುದು ಕಷ್ಟವೇ ಮಾರಾಯ್ರೆ."

ಹತ್ತು ವರ್ಷದ ಮೇಲೆ ಅವರು ನನ್ನಲ್ಲಿ ಆಡಿದ ಮೊದಲ ಮಾತು ಅದು. ನಾನೂ ಹೇಳಿದೆ, "ಹೌದು, ಒಂದು ಹಾಕಬೇಕು." ಅಷ್ಟರಲ್ಲೇ ಮುಗಿಯಿತು. ಮುಂದಿನ ವಾರ ಅವರ ತೋಟದ್ದು ಎರಡು, ನಮ್ಮದು ಎರಡು ಸತ್ತ ಅಡಿಕೆ ಮರ ಕಡಿದು ಅಡ್ಡ ಹಾಕಿದೆವು. ಅರ್ಧ ದಿನದ ಕೆಲಸ. ಅದಕ್ಕೆ ಹತ್ತು ವರ್ಷ ಬೇಕಾಯಿತು.

ಕಟ್ಟದ ಮಾತು ಬಂತು

2023ರ ಹುಣ್ಣಿಮೆ ಮೇ 5ಕ್ಕೆ. ಅಂದು ಅರೆನೆರಳಿನ ಚಂದ್ರಗ್ರಹಣ. ಕಣ್ಣಿಗೆ ಹೆಚ್ಚೇನೂ ಗೊತ್ತಾಗದ ಗ್ರಹಣ ಅದು. ಆಚರಣೆ ಇಲ್ಲವೆಂದು ಹೇಳಿದರೂ ಗ್ರಹಣದ ರಾತ್ರಿ ಅಂಗಳದಲ್ಲಿ ಉಣ್ಣುವುದು ಅಮ್ಮನಿಗೆ ಸಮ ಕಾಣಲಿಲ್ಲ. ಎರಡು ದಿನ ಮೊದಲೇ, ಮೇ 3ಕ್ಕೆ ಇಟ್ಟುಕೊಂಡೆವು. ಇದರಿಂದ ನಮಗೆ ಒಂದು ದೊಡ್ಡ ಪಾಠ ಸಿಕ್ಕಿತು. ಅದನ್ನು ಆಮೇಲೆ ಹೇಳುತ್ತೇನೆ.

ಆ ಬೇಸಗೆ ನೀರಿಗೆ ಬಹಳ ಕಷ್ಟ. ಎಪ್ರಿಲ್ ಕೊನೆಗೇ ನಮ್ಮ ಕೆರೆಯ ತಳ ಕಂಡಿತ್ತು. ಪಂಪು ಇಪ್ಪತ್ತು ನಿಮಿಷ ಓಡಿದರೆ ಗಾಳಿ ಎಳೆಯುತ್ತಿತ್ತು. ತೋಡಿನಾಚೆಯವರ ಪಾಡೂ ಅದೇ. ಊಟವಾದ ಮೇಲೆ ದೊಡ್ಡವರೆಲ್ಲ ಚಾಪೆಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಅಮ್ಮ ಹೇಳಿದರು: "ಮೊದಲು ಈ ಹೊತ್ತಿಗೆ ಅಂಗಳದಲ್ಲಿ ಕೂತರೆ ಕಟ್ಟದ ನೀರು ಬೀಳುವ ಶಬ್ದ ಕೇಳ್ತಿತ್ತು. ಈಗ ಎಲ್ಲಿ ಕೇಳಿದರೂ ಮೋಟರಿನ ಶಬ್ದ."

"ಕಟ್ಟ ಅಂದ್ರೆ ಎಂತ ಅಜ್ಜ?" ಎಂದು ಕೇಳಿದವಳು ನನ್ನ ಮೊಮ್ಮಗಳು.

ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಬಾಯಿ ಬರಲಿಲ್ಲ. ಮತ್ತೆ ನಾನು ಸುರು ಮಾಡಿದೆ. ಮಳೆ ಬಿಟ್ಟು ತೋಡಿನ ಹರಿವು ಸಣ್ಣದಾದ ಮೇಲೆ ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟುವುದು, ನೀರು ನಿಲ್ಲುವುದು, ನಿಂತ ನೀರು ಬದಿಯ ತೋಟಕ್ಕೆ, ಕೆರೆಗೆ ಒಸರುವುದು, ಮಳೆಗಾಲದ ಮೊದಲು ಬಿಡಿಸುವುದು. ನಾನು ಬಿಟ್ಟದ್ದನ್ನು ಅವರು ಸೇರಿಸಿದರು. ಹೀಗೆ ಅರ್ಧ ನಾನು, ಅರ್ಧ ಅವರು ಹೇಳಿ ಮುಗಿಸಿದೆವು. ಅವಳು ಬಿಡುವವಳಲ್ಲ. "ಮತ್ತೆ ಈಗ ಯಾಕೆ ಕಟ್ಟುದಿಲ್ಲ?"

ಅವರೇ ಹೇಳಿದರು: "ಅದು ಒಡೆದ ದಿನ ಹಲಗೆ ತೆಗೆಯಲಿಕ್ಕೆ ನಾನು ಬರಬೇಕಿತ್ತು ಪುಟ್ಟಿ. ಅಷ್ಟು ಮಳೆ ಬರ್ತದೆ ಅಂತ ಗ್ರಹಿಸಲಿಲ್ಲ."

ನಾನು ಹೇಳಿದೆ: "ನಾನೂ ಮನೆಯಲ್ಲೇ ಇದ್ದೆ. ಮಳೆಯ ಶಬ್ದ ಕೇಳಿತ್ತು. ನನಗೂ ಹೋಗಬಹುದಿತ್ತು."

ಈ ಮಾತು ಟ್ಯೂಬ್‌ಲೈಟಿನ ಕೆಳಗೆ ಎದುರೆದುರು ಕುರ್ಚಿಯಲ್ಲಿ ಕುಳಿತಿದ್ದರೆ ನಮ್ಮಿಬ್ಬರ ಬಾಯಿಂದಲೂ ಬರುತ್ತಿರಲಿಲ್ಲ ಎಂದು ನನಗೆ ಖಾತ್ರಿ. ಬೆಳದಿಂಗಳಿನಲ್ಲಿ ಮನುಷ್ಯ ಕಾಣುತ್ತಾನೆ, ಮುಖದ ಭಾವ ಅಷ್ಟು ಕಾಣುವುದಿಲ್ಲ. ಮಾತಾಡಲು ಅದು ಒಳ್ಳೆಯದು.

ಆ ವರ್ಷ ಮುಂಗಾರು ತಡ. ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಮಳೆಯೂ ಕಡಿಮೆಯಾಗಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ನವೆಂಬರ್ ನಡುವಿಗೇ ತೋಡು ಸಣ್ಣದಾಯಿತು. ಹೆಚ್ಚು ಹೊತ್ತು ಕಾಯದೆ ಕಟ್ಟ ಹಾಕಿದೆವು. ತೋಡಿನ ಅಗಲ 22 ಅಡಿ, ಕಟ್ಟದ ಎತ್ತರ 4 ಅಡಿ. ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿಸಿ ಎರಡು ಸಾಲು ಪೇರಿಸಿದೆವು, ನಡುವೆ ಜೇಡಿಮಣ್ಣು ತುಳಿದೆವು, ನೀರಿನ ಬದಿಗೆ ಪ್ಲಾಸ್ಟಿಕ್ ಹಾಳೆ. ಒಟ್ಟು 350 ಚೀಲ. ಎರಡು ಮನೆಯಿಂದ ನಾಲ್ಕು ಜನ, ಮೂರು ದಿನ. ಹಾಳೆಗೆ 1,800 ರೂಪಾಯಿ, ಅರ್ಧರ್ಧ. ಹಲಗೆ ತೆಗೆಯುವ ವಿಷಯ ಈ ಸಲ ಬಾಯಿಮಾತಿಗೆ ಬಿಡಲಿಲ್ಲ. ಒಂದು ವಾರ ಅವರು, ಒಂದು ವಾರ ನಾವು. ಮೋಡ ಕಂಡರೆ ಪಾಳಿ ಯಾರದ್ದಾದರೂ ಫೋನು ಮಾಡುವುದು.

ಫಲ? 2024ರಲ್ಲಿ ಮೇ ಎರಡನೇ ವಾರದವರೆಗೆ ಸ್ಪ್ರಿಂಕ್ಲರ್ ಓಡಿತು. ಪೂರ್ತಿ ಕಟ್ಟದಿಂದಲೇ ಎಂದು ನಾನು ಹೇಳುವುದಿಲ್ಲ. ನೀರು ಬಿಡುವುದನ್ನೂ ನಾವು ಕಡಿಮೆ ಮಾಡಿದ್ದೆವು, ಬುಡಕ್ಕೆ ಸೋಗೆ ಹೊದೆಸಿದ್ದೆವು. ಆದರೆ ಕೆರೆಯ ತಳ ಎಪ್ರಿಲಿನಲ್ಲಿ ಕಾಣಲಿಲ್ಲ. ಕಾಸರಗೋಡಿನ ಏತಡ್ಕದ ಕಡೆ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವವರಿಗೆ ಇದು ಹೊಸತಲ್ಲ. ಬಿಟ್ಟವರಿಗೆ ಮತ್ತೆ ಸುರು ಮಾಡುವುದೇ ಕಷ್ಟ. ಕಷ್ಟ ಮಣ್ಣಿನ ಕೆಲಸದ್ದಲ್ಲ, ಮೊದಲ ಮಾತಿನದ್ದು.

ಕಟ್ಟದ ನೀರು ಬೀಳುವ ಶಬ್ದ ಅಮ್ಮನಿಗೆ ಕೇಳಲು ಸಿಗಲಿಲ್ಲ. 2023ರ ಮಳೆಗಾಲದಲ್ಲೇ ಅವರು ಹೋದರು.

ದಿನ ಆರಿಸುವುದು ಹೇಗೆ?

ಈಗ ಆ ಪಾಠದ ವಿಷಯ. ಬೆಳದಿಂಗಳೂಟಕ್ಕೆ ಹುಣ್ಣಿಮೆಯ ದಿನವೇ ಆಗಬೇಕೆಂದಿಲ್ಲ. ಹುಣ್ಣಿಮೆಗೆ ಒಂದೆರಡು ದಿನ ಮೊದಲೇ ಒಳ್ಳೆಯದು. ಹುಣ್ಣಿಮೆಯ ದಿನ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ಮತ್ತೆ ದಿನಕ್ಕೆ ಸುಮಾರು 50 ನಿಮಿಷ ತಡ. ಬೈಲಿನ ಮನೆಗಳಿಗೆ ಪೂರ್ವದಲ್ಲಿ ಗುಡ್ಡೆ ಇದ್ದರೆ, ಅವನು ಗುಡ್ಡೆ ಹತ್ತಿ ಬರಲು ಇನ್ನೂ ಮುಕ್ಕಾಲು ಗಂಟೆ, ಒಂದು ಗಂಟೆ. ಎರಡು ದಿನ ಮೊದಲಾದರೆ ಮುಸ್ಸಂಜೆಗೇ ಚಂದ್ರ ಮೇಲೆ ಬಂದಿರುತ್ತಾನೆ. ಬೆಳಕು ಸ್ವಲ್ಪ ಕಮ್ಮಿ, ಆದರೆ ಏಳೂವರೆಗೆ ಬಡಿಸಬಹುದು, ಸಣ್ಣ ಮಕ್ಕಳಿಗೆ ನಿದ್ದೆ ಬರುವ ಮೊದಲು ಎಲ್ಲ ಮುಗಿಯುತ್ತದೆ.

ಹುಣ್ಣಿಮೆ ಕಳೆದ ಮೇಲೆ ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನೂ ಅನುಭವಿಸಿದ್ದೇವೆ. 2024ರಲ್ಲಿ ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಮತದಾನ ಎಪ್ರಿಲ್ 26ಕ್ಕೆ. ಓಟು ಹಾಕಲು ಮಕ್ಕಳೆಲ್ಲ 25ಕ್ಕೆ ಬಂದರು. ಹುಣ್ಣಿಮೆ 23ಕ್ಕೇ ಆಗಿತ್ತು. ಎರಡೇ ದಿನ ತಾನೇ ಎಂದು ಅಂದೇ ಊಟ ಇಟ್ಟೆವು. ಕತ್ತಲೆಯಲ್ಲಿ ತಡಕಾಡಿ ಉಂಡೆವು. ಚಂದ್ರ ಗುಡ್ಡೆ ದಾಟುವಾಗ ಗಂಟೆ ಒಂಬತ್ತು ಕಳೆದಿತ್ತು, ಮಕ್ಕಳಲ್ಲಿ ಅರ್ಧ ಪಾಲು ಚಾಪೆಯಲ್ಲೇ ನಿದ್ದೆ. "ಚಂದ್ರನಿಗೂ ಓಟು ಹಾಕಲಿಕ್ಕೆ ಕ್ಯೂ ಇತ್ತೋ ಏನೋ" ಎಂದು ಮಗಳು ನಗಾಡಿದಳು.

ಮೇ ಕೊನೆಯ ಹುಣ್ಣಿಮೆಯನ್ನು ನಂಬಬೇಡಿ. ಪತ್ತನಾಜೆಗೆ ಯಕ್ಷಗಾನ ಮೇಳದವರೇ ಗೆಜ್ಜೆ ಬಿಚ್ಚುತ್ತಾರೆ, ನಾವು ಚಾಪೆ ಹಾಸುವುದೇ? 2025ರಲ್ಲಿ ಹುಣ್ಣಿಮೆ ಮೇ 12ಕ್ಕೆ, ನಾವು 10ರ ಶನಿವಾರ ಮಾಡಿದೆವು. ಆ ವರ್ಷ ಮುಂಗಾರು ಮೇ 24ಕ್ಕೇ ಬಂತು. ತಡವಾಗುತ್ತಿದ್ದರೆ ಹಾಳೆತಟ್ಟೆ ತೋಡಿನಲ್ಲಿ ತೇಲುತ್ತಿತ್ತು.

ಮೂವತ್ತು ಜನಕ್ಕೆ ಊಟ

ಈಗ ನಮ್ಮದು ಖಾಯಂ ಒಂದೇ ಅಡಿಗೆ: ಕುಚ್ಚಲಕ್ಕಿಯ ಒತ್ತು ಶ್ಯಾವಿಗೆ, ಕಾಯಿಹಾಲು, ಕಾಟುಮಾವಿನ ಹಣ್ಣಿನ ಗೊಜ್ಜು, ಹಲಸಿನ ಹಪ್ಪಳ, ಪುನರ್ಪುಳಿ ಶರಬತ್ತು. ಮೂವತ್ತು ಜನಕ್ಕೆ ಅಕ್ಕಿ 4 ಕಿಲೋ, ತೆಂಗಿನಕಾಯಿ 12, ಬೆಲ್ಲ 2 ಕಿಲೋ, ಕಾಟುಮಾವು ಒಂದು ಬುಟ್ಟಿ, ಹಪ್ಪಳ ನೂರು. ಶ್ಯಾವಿಗೆ ಒತ್ತುವ ಕೆಲಸ ಗಂಡಸರದ್ದು. ಸಂಜೆ ಐದಕ್ಕೆ ಕೂತರೆ ಏಳಕ್ಕೆ ಮುಗಿಯುತ್ತದೆ, ಹೆಂಗಸರಿಗೂ ಅಂಗಳದಲ್ಲಿ ಕೂರಲು ಪುರುಸೊತ್ತು ಆಗುತ್ತದೆ. ಈ ನಿಯಮ ತಂದವಳು ನನ್ನ ಮಗಳು.

2025ರಲ್ಲಿ ಅಂಗಡಿಯಿಂದ ತಂದದ್ದು ಬೆಲ್ಲ, ಏಲಕ್ಕಿ, ಸಕ್ಕರೆ ಮಾತ್ರ. ಒಟ್ಟು 340 ರೂಪಾಯಿ. ಹಪ್ಪಳ ಕಾಯಿಸಿದ್ದು ಮನೆಯ ತೆಂಗಿನೆಣ್ಣೆಯಲ್ಲಿ. ತಟ್ಟೆ ನಮ್ಮದೇ ತೋಟದ ಹಾಳೆ. ಉಂಡಾದ ಮೇಲೆ ಅದು ಹೋಗುವುದು ಗೊಬ್ಬರದ ಗುಂಡಿಗೆ.

ಜಾಗ್ರತೆ ಬೇಕಾದ ಕೆಲವು ಸಂಗತಿ

ಹಾವು: ಬೇಸಗೆಯ ರಾತ್ರಿ ಕಟ್ಟುಹಾವು, ಕೊಳಕುಮಂಡಲ ತಿರುಗುತ್ತವೆ. ಅಂಗಳದ ಬದಿಯ ಸೌದೆ ರಾಶಿ, ಸಿಪ್ಪೆ ರಾಶಿ ವಾರಕ್ಕೆ ಮೊದಲೇ ತೆಗೆಯಿರಿ. ಅಂಗಳ ಬಿಟ್ಟು ಹೋಗುವವರ ಕೈಯಲ್ಲಿ ಟಾರ್ಚು ಇರಲೇಬೇಕು. ಊಟ, ಆಟ ಎಲ್ಲ ಆಗಲಿ, ಆದರೆ ರಾತ್ರಿಯಿಡೀ ನೆಲದಲ್ಲಿ ಮಲಗುವುದು ಬೇಡ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನೆಲದಲ್ಲಿ ಮಲಗಿದವರಿಗೆ. ಕಚ್ಚಿದ್ದು ನೋವೂ ಆಗದೆ ಹೋಗಬಹುದು. ಸಂಶಯ ಬಂದರೂ ನೇರ ಆಸ್ಪತ್ರೆಗೆ.

ಸಿಡಿಲು: ದೂರದಲ್ಲಿ ಗುಡುಗು ಕೇಳಿದರೂ ಎಲ್ಲರೂ ಒಳಗೆ. ಆಕಾಶ ತಿಳಿಯಾಗಿದೆ ಎಂದು ವಾದ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಗೆ ಬಂದರೆ ಸಾಕು.

ತೆಂಗಿನ ಮರ: ಅದರ ಬುಡದಲ್ಲಿ ಚಾಪೆ ಹಾಸಬಾರದು. ಕಾಯಿಗೆ ಹುಣ್ಣಿಮೆ ಅಮಾವಾಸ್ಯೆ ಗೊತ್ತಿಲ್ಲ.

ಸೊಳ್ಳೆ: ಗಾಳಿ ಬರುವ ಬದಿಯಲ್ಲಿ ತೆಂಗಿನ ಸಿಪ್ಪೆಯ ಹೊಗೆ ಹಾಕಿದರೆ ತಕ್ಕಮಟ್ಟಿಗೆ ಕಮ್ಮಿ. ಹೊಗೆಗೆ ಕೆಮ್ಮುವವರಿದ್ದರೆ ಹಾಳೆಯ ಬೀಸಣಿಗೆಯೇ ಗತಿ.

ಮೊಬೈಲು: ನಾವು ಜಗಲಿಯಲ್ಲಿ ಒಂದು ಬುಟ್ಟಿ ಇಡುತ್ತೇವೆ. ಎಲ್ಲರದ್ದೂ ಅದಕ್ಕೆ. ಇದು ಉಪದೇಶಕ್ಕಲ್ಲ. ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಬ್ಬ ಮೊಬೈಲು ಹೊತ್ತಿಸಿದರೆ ಸುತ್ತಲಿನವರ ಕಣ್ಣೂ ಮೊದಲಿನಿಂದ ಸುರು ಮಾಡಬೇಕು.

ಆಟಕ್ಕೆ ಸಾಮಾನು ಬೇಡ. ಹಾಳೆ ಎಳೆಯುವುದು, ನೆರಳು ಮೆಟ್ಟುವುದು, ತೋಟದಿಂದ ಐದು ಬಗೆಯ ಎಲೆ ತಂದು ಬರೇ ಮುಟ್ಟಿ ಮೂಸಿ ಹೆಸರು ಹೇಳುವುದು. ಎಲೆಯ ಆಟದಲ್ಲಿ ಕಾಳುಮೆಣಸು, ವೀಳ್ಯದೆಲೆ ಎರಡಕ್ಕೂ ವ್ಯತ್ಯಾಸ ಹೇಳಿದವರಿಗೆ ಒಂದು ಹಪ್ಪಳ ಜಾಸ್ತಿ. 2025ರಲ್ಲಿ ಗೆದ್ದವಳು ಬೆಂಗಳೂರಿನ ಮೊಮ್ಮಗಳು, ಸೋತವರಲ್ಲಿ ನಾನೂ ಒಬ್ಬ.

ಮಕ್ಕಳು ಇದರಿಂದ ಕೃಷಿಗೆ ಬರುತ್ತಾರೋ? ನನಗೆ ಅಂಥ ಭ್ರಮೆ ಇಲ್ಲ. ಆದರೆ ಎಪ್ರಿಲ್ ಬಂದ ಕೂಡಲೇ "ಅಜ್ಜ, ಈ ಸಲ ಯಾವತ್ತು?" ಎಂದು ಫೋನು ಬರುತ್ತದೆ. ಕೂಡಲೇ ಇನ್ನೊಂದು ಪ್ರಶ್ನೆ: "ಕಟ್ಟದಲ್ಲಿ ನೀರು ಉಂಟಾ?" ಅಡಿಕೆಗೆ ರೇಟು ಎಷ್ಟು ಎಂದು ಅವರು ಯಾವತ್ತೂ ಕೇಳಿದವರಲ್ಲ. ನೀರು ಉಂಟಾ ಎಂದು ಕೇಳುತ್ತಾರಲ್ಲ, ನನಗೆ ಅದು ಸಾಕು.

ಅಡಿಕೆ ಮರದ ಸಂಕ ಹೆಚ್ಚು ವರ್ಷ ಬಾಳುವುದಿಲ್ಲ. ನಮ್ಮದು ಮತ್ತೆ ಕುಂಬಾಗುತ್ತಾ ಬಂದಿದೆ, ಬದಲಿಸಬೇಕು. ಈ ಸಲ ಯಾರ ತೋಟದ ಮರ ಎಂಬ ಚರ್ಚೆ ಎರಡೂ ದಡದಲ್ಲಿ ನಿಂತು ನಡೆಯುತ್ತಾ ಇದೆ. ಮುಂದಿನ ಬೆಳದಿಂಗಳೂಟದ ಒಳಗೆ ತೀರ್ಮಾನವಾಗಬೇಕು. ಹಲಸು ಆಚೆಯಿಂದಲೇ ಬರಬೇಕಲ್ಲ!

ನಿಮ್ಮ ಅಂಗಳದಲ್ಲಿ ಇಂಥದ್ದೇನಾದರೂ ನಡೆಯುತ್ತಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.